ಸೊರಟೂರಿನ ಬೆಳ್ಳಿಯಪ್ಪ ನಮಗ್ಯಾಕ ಬೇಕು?



ಮತ್ತ ಅದೇ ಫಾರ್ವರ್ಡ್ ಸುರುವಾಗಿದೆ. "ಶಿವಾಜಿ ಮಹಾರಾಜರ ಮೂಲಪುರುಷ ಗದಗ ಜಿಲ್ಲೆಯ ಸೊರಟೂರಿನ ಬೆಳ್ಳಿಯಪ್ಪ. ಅಂದಮ್ಯಾಲೆ ಮಹಾರಾಜರೂ ಕನ್ನಡಿಗರೇ." ಕೆಳಗೆ ಹಳದಿ-ಕೆಂಪು ಬಾವುಟ. ನಮ್ಮವರೇ ಹಂಚ್ಲತ್ತಾರ. ದಯಮಾಡಿ ನಿಲ್ಲಿಸ್ರಿ ಅಂತ ಕೇಳಲಿಕ್ಕೆ ಈ ಬರಹ.

ಈ ಮಾತು ಹೇಳಿದವರು ಕನ್ನಡಿಗರಲ್ಲ ಅನ್ನೋದು ಎಷ್ಟೋ ಮಂದಿಗೆ ಗೊತ್ತಿಲ್ಲ. ಹೇಳಿದವರು ಮರಾಠಿಯ ದೊಡ್ಡ ಸಂಶೋಧಕ ರಾಮಚಂದ್ರ ಚಿಂತಾಮಣ ಢೇರೆ. ವಿಠ್ಠಲನ ಮೇಲಿನ ಗ್ರಂಥಕ್ಕೆ 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಭೋಸಲೆಯವರ ಕುಲದೈವ ಶಿಖರ ಶಿಂಗಣಾಪುರದ ಶಂಭು ಮಹಾದೇವ. ಆ ದೇವರ ಜಾಡು ಹಿಡಿದು ಹೊರಟ ಢೇರೆಯವರು, 13ನೇ ಶತಮಾನದಲ್ಲಿ ಸೊರಟೂರಿನಿಂದ ಸಾತಾರಾ ಸೀಮೆಗೆ ಹೋದ ಬಳಿಯಪ್ಪ ಎಂಬಾತನ ತನಕ ಮುಟ್ಟಿದರು. ಹೊಯ್ಸಳ ಅನ್ನೋ ಹೆಸರಿಗೂ ಭೋಸಲೆ ಅನ್ನೋ ಹೆಸರಿಗೂ ನಂಟು ಕಂಡರು. ಮಹಾರಾಷ್ಟ್ರದೊಳಗೇ ಕೂತು ಹಿಂಗ ಬರೆಯಲಿಕ್ಕೆ ಗಟ್ಟಿ ಎದೆ ಬೇಕು. ಆದರ ವಿದ್ವಾಂಸರೆಲ್ಲ ಒಪ್ಪಿದ ಮಾತು ಅದಲ್ಲ. ಬಳಿಯಪ್ಪನಿಂದ ಮಹಾರಾಜರ ಅಜ್ಜ ಮಾಲೋಜಿಯವರ ತನಕ ಸುಮಾರು ಮುನ್ನೂರು ವರ್ಷದ ಅಂತರ.

ಬ್ಯಾಂಕಿನ್ಯಾಗ ಕೆಲಸ ಮಾಡುವ ನಮ್ಮಂಥವರಿಗೆ ಇದು ಲಗೂನ ತಿಳೀತದ. ತೀರಿಕೊಂಡವರ ಖಾತೆಯಲ್ಲಿ ನಾಮಿನಿ ಇಲ್ಲದಿದ್ದರೆ ಸ್ವಂತ ಮಗನೇ ಬಂದರೂ ವಾರಸಾ ಕಾಗದ ಕೇಳ್ತೀವಿ. ಮುನ್ನೂರು ವರ್ಷದ ವಾರಸಿಗೆ ಹೆಸರಿನ ಹೋಲಿಕೆ ಸಾಕೇನ್ರಿ?

ಆ ಕಡೆಯ ವಂಶಾವಳಿನೂ ಅಷ್ಟೇ. 1674ರ ಪಟ್ಟಾಭಿಷೇಕದ ಹೊತ್ತಿಗೆ ಭೋಸಲೆಯವರು ಮೇವಾಡದ ಸಿಸೋದಿಯಾ ರಜಪೂತರು ಅಂತ ಆಯ್ತು. ಅದನ್ನೂ ಜದುನಾಥ ಸರ್ಕಾರರಂಥ ಇತಿಹಾಸಕಾರರು ನಂಬಲಿಲ್ಲ. ಒಬ್ಬರು ರಾಜಸ್ಥಾನಕ್ಕೆ ಎಳೀತಾರ, ಒಬ್ಬರು ಗದಗಿಗೆ. ಮಹಾರಾಜರ ದೊಡ್ಡಸ್ತಿಕೆ ಇವೆರಡರಿಂದಲೂ ಬಂದದ್ದಲ್ಲ.

ನಮ್ಮ ಅಕ್ಕಲಕೋಟೆಯ ಕತೆನೇ ನೋಡ್ರಿ. ಸಂಸ್ಥಾನದ ಮೂಲಪುರುಷ ಫತೇಸಿಂಗ ಭೋಸಲೆ ಹುಟ್ಟಾ ಭೋಸಲೆ ಅಲ್ಲ, ಪಾರದದ ಪಾಟೀಲ ಸಯಾಜಿ ಲೋಖಂಡೆಯ ಮಗ ರಾಣೋಜಿ. 1707ರಲ್ಲಿ ಮೊಗಲರಿಂದ ಬಿಡುಗಡೆಯಾಗಿ ಬರುತ್ತಿದ್ದ ಶಾಹು ಮಹಾರಾಜರನ್ನು ಪಾರದದಲ್ಲಿ ತಡೆದರು. ಆ ಕಾಳಗದಲ್ಲಿ ಪಾಟೀಲ ಸತ್ತ, ಅವನ ಹೆಂಡತಿ ಕೂಸನ್ನು ಶಾಹು ಅವರ ಮುಂದೆ ಇಟ್ಟಳು. ಗೆದ್ದ ನೆನಪಿಗೆ ಫತೇಸಿಂಗ ಅಂತ ಹೆಸರಿಟ್ಟು, ತಮ್ಮ ಮನೆತನದ ಹೆಸರು ಕೊಟ್ಟು, ಮುಂದೆ ಅಕ್ಕಲಕೋಟೆನೂ ಕೊಟ್ಟರು. ಲೋಖಂಡೆ ಭೋಸಲೆ ಆದ. ಆ ಸಂಸ್ಥಾನದ ರೈತರು ಹೊಲದಾಗ, ಸಂತ್ಯಾಗ ಕನ್ನಡ ಮಾತಾಡಿಕೊಂಡೇ ಉಳಿದರು. ಅವರು ಕನ್ನಡ ಉಳಿಸಲಿಕ್ಕೆ ಅರಸರ ವಂಶಾವಳಿ ಕೇಳಲಿಲ್ಲ.

ಇವತ್ತೂ ಹಂಗೇ ಅದ. ಸೊಲ್ಲಾಪುರದಾಗ ಬಿರಾಜದಾರರ ಹುಡುಗ ಅಜ್ಜಿ ಕನ್ನಡದಾಗ ಕರೆದರೆ ಮರಾಠಿಯೊಳಗೆ ಓಗೊಡ್ತಾನ. ಅಕ್ಕಲಕೋಟೆ ಹಳ್ಳಿಯ ಶಿಂದೆಯವರು ಮನೆಯಾಗ ಅಪ್ಪಟ ಕನ್ನಡ ಆಡ್ತಾರ. ಅಡ್ಡಹೆಸರು ನೋಡಿ ಯಾರನ್ನ ಕನ್ನಡಿಗ ಅನ್ನೋಣ?

2021ರ ಜನವರಿಯಲ್ಲಿ ಉದ್ಧವ ಠಾಕ್ರೆಯವರು ಗಡಿಯ ಮಾತು ಎತ್ತಿದಾಗ, ಆಗಿನ ಉಪಮುಖ್ಯಮಂತ್ರಿ ಗೋವಿಂದ ಕಾರಜೋಳರು ಉತ್ತರವಾಗಿ ಇದೇ ಬೆಳ್ಳಿಯಪ್ಪನನ್ನು ತಂದು ನಿಲ್ಲಿಸಿದರು. ಮುಂಬೈ-ಬೆಂಗಳೂರಿನವರಿಗೆ ಅದು ಒಂದು ದಿನದ ಸುದ್ದಿ. ಗಡಿ ಕಾವೇರಿದರೆ ಮಸಿ ಬೀಳೋದು ನಾವು ಹತ್ತುವ ಬಸ್ಸಿಗೆ, ಬಸ್ಸು ನಿಂತರೆ ವಿಜಯಪುರದ ದವಾಖಾನೆಗೆ ಹೊರಟವರು ಸ್ಟ್ಯಾಂಡಿನಾಗ ಕೂಡಬೇಕು. ಮಹಾರಾಜರ ಹೆಸರು ಎಳೆದು ತಂದರೆ ನಮ್ಮ ಜೊತೆ ಚಹಾ ಕುಡಿಯುವ ಮರಾಠಿ ಗೆಳೆಯನೂ ದೂರ ಸರೀತಾನ. ಕನ್ನಡ ಶಾಲೆ ಬೇಕು ಅಂತ ನಾಳೆ ಹೋದಾಗ ಅವನ ಸಹಿನೂ ಬೇಕಲ್ಲ?

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಮುತ್ತಜ್ಜ ಯಾವ ಊರವ ಅಂತ ಅದು ಕೇಳಲ್ಲ. ಮಗು ಮನೆಯಾಗ ಯಾವ ಮಾತು ಆಡ್ತದ ಅಷ್ಟೇ.

ಜೂನಿಗೆ ಶಾಲೆ ಸುರುವಾಗ್ತಾವ. ನಿಮ್ಮೂರ ಕನ್ನಡ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಮಾಸ್ತರರ ಜಾಗ ಖಾಲಿ, ಕನ್ನಡ ಪುಸ್ತಕ ಹೋದ ವರ್ಷ ಯಾವಾಗ ಬಂದವು, ಇಷ್ಟು ಬರೆದು ಈ ಪೋಸ್ಟಿನ ಕೆಳಗೆ ಹಾಕ್ರಿ. ತಾಲ್ಲೂಕುವಾರು ಕೂಡಿಸಿ ಅರ್ಜಿ ಬರೆಯೋ ಕೆಲಸ ನಮ್ಮದು.