ಗಾಳಿ ಕಾಯುವ ಮುಚ್ಚಳಕ್ಕೆ ವಾರಸುದಾರ ಯಾರು?

ಟೈರಿನ ಗಾಳಿ ಕಾಯುವುದಕ್ಕೆಂದೇ ಒಂದು ಪುಟ್ಟ ಮುಚ್ಚಳ ಬಂದಿದೆ. ವಾಲ್ವಿನ ತಲೆಗೆ ತಿರುಗಿಸಿ ಕೂರಿಸಿದರೆ ಆಯ್ತು, ಸ್ಟೀರಿಂಗ್ ಮುಂದಿನ ಡಬ್ಬಿಯಲ್ಲಿ ನಾಲ್ಕೂ ಚಕ್ರದ ಲೆಕ್ಕ ಮಿನುಗುತ್ತದೆ. ಕಾರ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ, ಫೋನಿನಲ್ಲಿ ಬೆರಳೊತ್ತಿದರೆ ಮನೆ ಬಾಗಿಲಿಗೂ ಬರುತ್ತದೆ. ಒಳ್ಳೆಯದೇ. ಗಾಳಿ ಕಮ್ಮಿಯಾದ ಟೈರು ಕಾದು ಸಿಡಿಯುವ ಮೊದಲು ಯಾರಾದರೂ ಎಚ್ಚರಿಸಿದರೆ ಬೇಡ ಎನ್ನುವವರುಂಟೇ? ಆದರೆ ಕಾವಲಿಗೆ ಇಟ್ಟವನೇ ಕನ್ನ ಹಾಕಿದರೆ ದೂರು ಯಾರ ಮೇಲೆ ಕೊಡಬೇಕು ಸ್ವಾಮಿ?

ಕನ್ನ ಹೇಗೆ ಎನ್ನುತ್ತೀರಾ? ಸಾದಾ ಮುಚ್ಚಳದ ಕೆಲಸ ಮುಖ್ಯವಾಗಿ ಧೂಳು ತಡೆಯುವುದು. ಗಾಳಿ ಹಿಡಿದಿಡುವುದು ವಾಲ್ವಿನ ಒಳಗಿನ ಪಿನ್ನು. ಈ ಹೊಸ ಮುಚ್ಚಳ ಆ ಪಿನ್ನನ್ನು ಒತ್ತಿಕೊಂಡೇ ಕೂರುತ್ತದೆ. ಒತ್ತದಿದ್ದರೆ ಒಳಗಿನ ಗಾಳಿ ಎಷ್ಟೆಂದು ಅದಕ್ಕೆ ಗೊತ್ತಾಗುವುದಿಲ್ಲ. ಅಂದರೆ ಬಾಗಿಲು ಸದಾ ತೆರೆದೇ ಇರುತ್ತದೆ. ಆಮೇಲೆ ಗಾಳಿಗೆ ಅಡ್ಡ ನಿಂತಿರುವುದು ಮುಚ್ಚಳದ ಒಳಗಿನ ಒಂದು ರಬ್ಬರ್ ವಾಷರ್ ಮಾತ್ರ. ಅದು ಸವೆದರೆ, ಮುಚ್ಚಳ ಸಡಿಲವಾದರೆ, ಕಲ್ಲು ಬಡಿದು ಒಡೆದರೆ ಗಾಳಿ ಹೊರಗೆ. ಭಾರದ ಮಾತೂ ಇದೆ. ಹತ್ತು ಗ್ರಾಂ ಏನು ಮಹಾ ಎನ್ನಬೇಡಿ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಾರಿನ ಚಕ್ರ ತಿರುಗುವಾಗ ಆ ಹತ್ತು ಗ್ರಾಂ ಸುಮಾರು ಒಂದೂವರೆ ಕಿಲೋ ತೂಕದಷ್ಟು ಜಗ್ಗುತ್ತದೆ. ಜಗ್ಗುವುದು ಯಾವುದನ್ನು? ಬೆರಳು ಗಾತ್ರದ ರಬ್ಬರ್ ವಾಲ್ವನ್ನು. ರಬ್ಬರ್ ಹಳತಾಗಿದ್ದರೆ ಮುಂದಿನದು ಹೇಳಬೇಕಾಗಿಲ್ಲ.

ಈ ಪಾಠವನ್ನು ಅಮೆರಿಕದವರು ಹೆಣ ಎಣಿಸಿ ಕಲಿತರು. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರು ವಾಪಸ್ ಕರೆಯಿತು. ಟೈರಿನ ಮೇಲ್ಪಟ್ಟಿ ಕಿತ್ತುಬಂದು ಗಾಡಿಗಳು ಪಲ್ಟಿ ಹೊಡೆದಿದ್ದವು, ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್. ಸರ್ಕಾರದ ಲೆಕ್ಕಕ್ಕೆ ಬಂದ ಸಾವು 271. ಅದೇ ವರ್ಷ ನವೆಂಬರಿನಲ್ಲಿ ಕಾಯ್ದೆ ಆಯ್ತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಗಾಳಿ ಸೂಚಕ ಕಡ್ಡಾಯ. ಗಾಳಿ ನೂರಕ್ಕೆ 25 ಭಾಗ ಇಳಿದರೆ 20 ನಿಮಿಷದೊಳಗೆ ದೀಪ ಹತ್ತಬೇಕು. ಸೂಚಕವೇ ಕೆಟ್ಟಿದ್ದರೆ ಅದನ್ನೂ ತಾನೇ ಹೇಳಬೇಕು! ಆದರೆ ಈ ಷರತ್ತು ಕಾರ್ಖಾನೆಯಿಂದ ಬರುವ ಗಾಡಿಗೆ. ಬಿಡಿಯಾಗಿ ಕೊಂಡ ಮುಚ್ಚಳದ ಸೆಲ್ ಸತ್ತಾಗ ಡಬ್ಬಿ ಏನು ತೋರಿಸಬೇಕು ಎನ್ನುವುದು ಮಾಡಿದವನ ಚಿತ್ತ.

ಹಾಗಂತ ಬಿಡಿ ಸಾಮಾನನ್ನು ಅಲ್ಲಿ ಸುಮ್ಮನೆ ಬಿಟ್ಟಿಲ್ಲ. 2008ರಲ್ಲಿ ರಬ್ಬರ್ ವಾಲ್ವುಗಳ ಮೇಲೆ ತನಿಖೆ ನಡೆಯಿತು. ಚೀನಾದಲ್ಲಿ ಮಾಡಿದ್ದು, ಡಿಲ್ ಏರ್ ಕಂಟ್ರೋಲ್ಸ್ ಎಂಬ ಅಮೆರಿಕದ ಕಂಪನಿ ತರಿಸಿ ಮಾರಿದ್ದು. ಬೇಗ ಬಿರುಕು ಬಿಟ್ಟು ಗಾಳಿ ಸೋರುತ್ತಿದ್ದವು. ಕೈಗೆ ಸಿಕ್ಕಿದ್ದು ಯಾರು? ಚೀನಾದ ಕಾರ್ಖಾನೆ ಅಲ್ಲ, ತರಿಸಿದ ಕಂಪನಿ. ಅಲ್ಲಿನ ಕಾಯ್ದೆಯಲ್ಲಿ ಆಮದು ಮಾಡಿ ಮಾರುವವನೂ ತಯಾರಕನೇ. ಮಾಲು ವಾಪಸ್ ಕರೆಯುವ ಹೊಣೆ ಅವನ ತಲೆಗೇ ಬಂತು.

ಇಲ್ಲಿ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಮು ಸೇರಿತು, 2021ರ ಏಪ್ರಿಲ್‌ನಿಂದ ಜಾರಿ. ದೋಷವಿರುವ ವಾಹನ ವಾಪಸ್ ತರಿಸಲು ಕೇಂದ್ರ ಸರ್ಕಾರ ಆಜ್ಞೆ ಮಾಡಬಹುದು. ದೋಷ ಬಿಡಿಭಾಗದ್ದಾದರೆ ಆ ಭಾಗವಿರುವ ವಾಹನಗಳನ್ನು ವಾಪಸ್ ತರಿಸಬಹುದು. ಎಲ್ಲ ಸರಿ, ಆದರೆ ಆಜ್ಞೆ ಹೋಗುವುದು ವಾಹನ ತಯಾರಕನಿಗೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಮುಚ್ಚಳ ಯಾವ ವಾಹನ ತಯಾರಕನ ಮಗು? ಯಾರದ್ದೂ ಅಲ್ಲ. ಇದೇ ಸರ್ಕಾರ 2020ರಲ್ಲಿ, ಗಾಳಿ ಸೂಚಕವೂ ಪಂಕ್ಚರ್ ಕಿಟ್ಟೂ ಇರುವ ಟ್ಯೂಬ್‌ಲೆಸ್ ಟೈರಿನ ಸಣ್ಣ ವಾಹನಕ್ಕೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಸೂಚಕದ ಮೇಲೆ ಅಷ್ಟು ನಂಬಿಕೆ ಇಟ್ಟವರು ಬೀದಿಯಲ್ಲಿ ಮಾರುವ ಸೂಚಕದ ಕಡೆಗೂ ಒಂದು ಕಣ್ಣು ಹಾಯಿಸಬೇಕಿತ್ತು.

ಇನ್ನೊಂದು ಕಾಯ್ದೆ ಇದೆ. ಅಂಗಡಿಯವರು ಇದನ್ನು ಕಿವಿಗೊಟ್ಟು ಕೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮು. ದೋಷದ ಮಾಲಿನಿಂದ ಹಾನಿಯಾಗಿ, ಮಾಡಿದವನು ಯಾರೆಂದೇ ಗೊತ್ತಿಲ್ಲದಿದ್ದರೆ, ಅಥವಾ ಅವನು ಭಾರತದ ಕಾನೂನಿಗೆ ಸಿಗದಿದ್ದರೆ, ಪರಿಹಾರದ ಹೊಣೆ ಮಾರಿದವನ ಮೇಲೆ ಬರಬಹುದು. "ಮಾಲು ಬರುತ್ತೆ, ಮಾರ್ತೀವಿ, ನಮಗೇನ್ ಗೊತ್ತು" ಎಂದರೆ ಗ್ರಾಹಕರ ಆಯೋಗದಲ್ಲಿ ನಡೆಯುವುದು ಕಷ್ಟ. ನೂರಿನ್ನೂರು ಲಾಭಕ್ಕೆ ಮಾರಿದ ಬಡ ಅಂಗಡಿಯವನು ಸಿಕ್ಕಿಬೀಳುತ್ತಾನೆ, ಕಂಟೇನರ್‌ಗಟ್ಟಲೆ ತರಿಸಿದ ದೊಡ್ಡ ಮನುಷ್ಯ ಜಾರಿಕೊಳ್ಳುತ್ತಾನೆ. ಇದ್ಯಾವ ನ್ಯಾಯ?

ಜಾರಿಕೊಳ್ಳದಂತೆ ಮಾಡಲು ಅಂಗಡಿಯವರ ಕೈಯಲ್ಲಿ ಒಂದು ಉಪಾಯವಿದೆ. ಪೊಟ್ಟಣದ ಮೇಲೆ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ ಇರಲೇಬೇಕು ಎಂದು 2011ರ ಪೊಟ್ಟಣ ನಿಯಮ ಹೇಳುತ್ತದೆ. ಹೆಸರಿಲ್ಲದ ಡಬ್ಬಿ ಬಂದರೆ ತಿರುಗಿ ಕಳಿಸಿ. ಹೋಲ್‌ಸೇಲಿನವನಿಂದ ಬಿಲ್ಲು ಬರೆಸಿಕೊಳ್ಳಿ.

ಸರ್ಕಾರಕ್ಕೆ ಕೈಲಾಗುವುದಿಲ್ಲ ಎನ್ನುವಂತೆಯೂ ಇಲ್ಲ. ಸೀಟ್‌ಬೆಲ್ಟ್ ಹಾಕದಿದ್ದರೂ ಕೂಗದಂತೆ ಮಾಡುವ ಕ್ಲಿಪ್ಪು ಮಾರುತ್ತಿದ್ದ ಐದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಕೊಟ್ಟು, 13,118 ಪಟ್ಟಿ ತೆಗೆಸಿತು. ಅಪಾಯದ ಮಾಲು ವಾಪಸ್ ತರಿಸುವ ಅಧಿಕಾರವೂ ಅದಕ್ಕಿದೆ. ಕ್ಲಿಪ್ಪಿಗೆ ಆದದ್ದು ಮುಚ್ಚಳಕ್ಕೆ ಯಾಕಾಗಬಾರದು?

ಆದರೆ ತನಿಖೆಗೆ ಮೊದಲು ದೂರು ಬೇಕು, ದೂರಿಗೆ ಕಾರಣ ಗೊತ್ತಿರಬೇಕು. "ಟೈರ್ ಸಿಡಿದು ವಾಹನ ಪಲ್ಟಿ" ಎಂದು ಪೇಪರಿನಲ್ಲಿ ಎರಡು ಸಾಲು ಬರುತ್ತದೆ, ಮುಗೀತು. ವಾಲ್ವಿಗೆ ಏನು ಸಿಕ್ಕಿಸಿದ್ದರು, ಅದು ಮೊದಲೇ ಸೋರುತ್ತಿತ್ತೇ, ಕೇಳುವವರಾರು? ಅಪಘಾತದ ವಾಹನ ಪರೀಕ್ಷಿಸುವ ಮೋಟಾರು ವಾಹನ ನಿರೀಕ್ಷಕರು ತಮ್ಮ ವರದಿಯಲ್ಲಿ ಇದಕ್ಕೊಂದು ಸಾಲು ಸೇರಿಸಲಿ: ಹೊರಗಿನ ಗಾಳಿ ಸೂಚಕ ಇತ್ತೇ, ಯಾವ ಹೆಸರಿನದು, ವಾಲ್ವ್ ಯಾವ ಸ್ಥಿತಿಯಲ್ಲಿತ್ತು. ಆರ್‌ಟಿಓ ಸಾಹೇಬರು ಮನಸ್ಸು ಮಾಡಿದರೆ ನಾಳೆಯಿಂದಲೇ ಆಗುವ ಕೆಲಸ. ಮುಚ್ಚಳ ಹಾಕಿಸಿದ ಮೇಲೆ ಗಾಳಿ ಇಳಿಯುತ್ತಿದ್ದರೆ ಮಾಲೀಕರೂ ಬಿಚ್ಚಿ ಬಿಸಾಡುವ ಬದಲು, ಬಿಲ್ಲಿನ ಸಮೇತ 1915ಕ್ಕೆ ಫೋನು ಮಾಡಿ ದೂರು ಬರೆಸಲಿ.