ಬಿಡುವಿನ ವೇಳೆ: ಕೆರೆಯ ದಂಡೆಯಲ್ಲಿ ಒಂದು ಬಕಧ್ಯಾನ



ಈ ಸಲ ಅಡಿಗೆಮನೆ ಬಿಟ್ಟು ಕೆರೆಯ ದಂಡೆಗೆ ಹೋಗೋಣ, ಬರ್ತೀರಾ? ಖರ್ಚಿಲ್ಲ, ಟಿಕೇಟಿಲ್ಲ. ಬೆಳಿಗ್ಗೆ ರೊಟ್ಟಿಯ ಹಂಚು ಒಲೆಗೇರುವ ಮೊದಲು ಒಂದು ತಾಸು ಸಿಕ್ಕರೆ ಸಾಕು. ಫೋಟೋ ತೆಗೆಯಲು ಕೈಯಲ್ಲಿ ಫೋನಂತೂ ಇದ್ದೇ ಇದೆ.

ನಮ್ಮ ಕುಂದಗೋಳದ ಕಡೆ ಕೆರೆಯಂಚಿನಲ್ಲಿ ಉದ್ದ ಕಾಲಿನ ಹಕ್ಕಿ ಕಂಡರೆ ಸಾಕು, 'ಕೊಕ್ಕರೆ' ಎಂದುಬಿಡುತ್ತೇವೆ. ಆದರೆ ಬಕ ಬೇರೆ, ಕೊಕ್ಕರೆ ಬೇರೆ. ಗುರುತು ಬಹಳ ಸುಲಭ. ಹಾರುವಾಗ ಬಕ ತನ್ನ ಕತ್ತನ್ನು ಮಡಚಿ ಭುಜದ ನಡುವೆ ಹುದುಗಿಸಿಕೊಳ್ಳುತ್ತದೆ. ಕೊಕ್ಕರೆ ಕತ್ತನ್ನು ನೆಟ್ಟಗೆ ಮುಂದೆ ಚಾಚುತ್ತದೆ. ಬೂದು ಬಕ ನಿಂತರೆ ಸುಮಾರು ಮೂರಡಿ ಎತ್ತರ, ರೆಕ್ಕೆ ಬಿಚ್ಚಿದರೆ ಐದಾರು ಅಡಿ ಅಗಲ. ಕೊಳದ ಬಕವೆಂಬುದು ಚಿಕ್ಕದು, ಮಣ್ಣಿನ ಬಣ್ಣದ್ದು. ಕೂತಾಗ ಇದೆಯೋ ಇಲ್ಲವೋ ತಿಳಿಯದು. ಹಾರಿದೊಡನೆ ರೆಕ್ಕೆ ಹಾಲಿನಂತೆ ಬೆಳ್ಳಗೆ! ಎಮ್ಮೆ-ದನಗಳ ಹಿಂದೆ ಓಡಾಡುವ ಗೋವಕ್ಕಿ, ಕೆರೆಯ ಬೆಳ್ಳಕ್ಕಿ, ಇವೂ ಅದೇ ಬಕದ ಬಳಗದವೇ.

ಈಗ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಹಿಂದೊಂದು ಶ್ರಾವಣದಲ್ಲಿ ಕೆರೆಯ ಪಕ್ಕದ ಜಾಲಿ ಗಿಡದಲ್ಲಿ ಕೊಳದ ಬಕವೊಂದು ಗೂಡು ಕಟ್ಟಿತ್ತು. ತಗ್ಗಿನ ಟೊಂಗೆ, ಕೈಗೆಟಕುವಷ್ಟು ಹತ್ತಿರ. ಒಳಗೆ ತಿಳಿ ಹಸಿರು-ನೀಲಿಯ ತತ್ತಿಗಳು. ಬೀಗರ ಮನೆಯವರೆಲ್ಲ ನೋಡಿ ಹೊಗಳುವಂಥ ಫೋಟೋ ಬೇಕೆಂಬ ಆಸೆ ನನಗೆ. ಹತ್ತಿರ ಹೋದೆ, ಹಕ್ಕಿ ಹಾರಿತು. ಮರಳಿ ಬಂದೀತೆಂದು ಅಲ್ಲೇ ನಿಂತೆ. ಅದು ದೂರದ ಬದುವಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬಂದದ್ದು ಅದಲ್ಲ, ಕಾಗೆ! ನಾನು 'ಹುಶ್' ಅನ್ನುವಷ್ಟರಲ್ಲಿ ಒಂದು ತತ್ತಿ ಹೋಗಿತ್ತು.

ಕುರಿ ಹೊಡಕೊಂಡು ಬಂದಿದ್ದ ಅಜ್ಜನೊಬ್ಬ ಅಂದ: “ಯವ್ವಾ, ನಿನ್ನ ಮನ್ಯಾಗ ಬಾಣಂತಿ ಇದ್ದಾಗ ಯಾರರ ಬಂದು ಹಿಂಗ ಬಾಗಿಲ್ದಾಗ ನಿಂತ್ರ, ನೀ ಸುಮ್ಮನಿರ್ತಿದ್ದೇನು?”

ನನಗೆ ಬಾಯಿ ಬರಲಿಲ್ಲ. ಗಂಡು-ಹೆಣ್ಣು ಪಾಳಿಯ ಮೇಲೆ ಕೂತು ಸುಮಾರು ಮೂರು ವಾರ ಕಾವು ಕೊಡುತ್ತವೆ. ಅದನ್ನೆಲ್ಲ ಹತ್ತು ನಿಮಿಷದ ಹೌಸಿಗೆ ಹಾಳು ಮಾಡಿದ್ದೆ. ಗೂಡಿನ ಆ ಫೋಟೋ ಚೆನ್ನಾಗಿಯೇ ಬಂದಿದೆ. ಆದರೆ ಯಾರಿಗೂ ತೋರಿಸಿಲ್ಲ. ನೆನಪಿರಲೆಂದು ಅಳಿಸಿಯೂ ಇಲ್ಲ.

ಇಂಥ ಹೌಸು ಹೊಸದಲ್ಲ ನೋಡಿ. ನೂರಿಪ್ಪತ್ತು-ಮೂವತ್ತು ವರ್ಷಗಳ ಹಿಂದೆ ಯುರೋಪು, ಅಮೇರಿಕಗಳ ಹೆಂಗಸರ ಟೋಪಿಗೆ ಬೆಳ್ಳಕ್ಕಿಯ ಗರಿಯೇ ಬೇಕಿತ್ತು. ಆ ನಯವಾದ ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಹೀಗಾಗಿ ಗೂಡಿನ ಹತ್ತಿರವೇ ತಾಯಿ-ತಂದೆಯನ್ನು ಹೊಡೆದರು. ಮರಿಗಳು ಹಸಿವಿನಿಂದ ಸತ್ತವು. ಇದನ್ನು ತಡೆಯಲು ಎದ್ದವರೂ ಹೆಂಗಸರೇ! 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಗೆಳತಿಯರನ್ನು ಕೂಡಿಸಿ, ಗರಿ ಮುಡಿಯುವುದಿಲ್ಲವೆಂದು ಮಾತು ತೆಗೆದುಕೊಂಡಳು. ಮುಂದೆ ಅದೇ ಆ ದೇಶದ ದೊಡ್ಡ ಪಕ್ಷಿರಕ್ಷಣಾ ಸಂಸ್ಥೆಯಾಯಿತು. ನಮ್ಮ ದೇಶದಿಂದ ಗರಿ ಹೊರಗೆ ಕಳಿಸುವುದಕ್ಕೆ 1902ರಲ್ಲಿ ತಡೆ ಬಿತ್ತು. ಅಂದು ಟೋಪಿಯ ಗರಿ, ಇಂದು ಫೋನಿನ ಫೋಟೋ. ಗೂಡಿಗೆ ಕೈ ಹಾಕಿದರೆ ಎರಡೂ ಒಂದೇ ಅಲ್ಲವೆ?

ಹಾಗಾದರೆ ಫೋಟೋ ತೆಗೆಯಲೇಬಾರದೆ? ತೆಗೆಯಿರಿ, ಅವಶ್ಯ ತೆಗೆಯಿರಿ. ಇಷ್ಟು ನೆನಪಿಡಿ:

ಸೂರ್ಯ ನಿಮ್ಮ ಬೆನ್ನಿಗಿರಲಿ. ಕಣ್ಣು ಕುಕ್ಕುವ ಬಣ್ಣದ ಸೀರೆ ಬೇಡ.

ಹಕ್ಕಿಯ ಹಿಂದೆ ನಡೆಯಬೇಡಿ, ಒಂದೆಡೆ ಕೂತುಬಿಡಿ. ಸ್ವಲ್ಪ ಹೊತ್ತಿಗೆ ನೀವೂ ಅದಕ್ಕೊಂದು ಕಲ್ಲು-ಕೊರಡಿನಂತಾಗುತ್ತೀರಿ.

ಬಿಳಿ ಹಕ್ಕಿಯ ಗರಿಗಳು ಫೋಟೋದಲ್ಲಿ ಬರೀ ಸುಣ್ಣ ಬಳಿದಂತೆ ಕಾಣುವುದುಂಟು. ಫೋನಿನ ಪರದೆಯಲ್ಲಿ ಹಕ್ಕಿಯನ್ನು ಮುಟ್ಟಿ, ಬೆಳಕನ್ನು ತುಸು ಕೆಳಗಿಳಿಸಿರಿ.

ಫೋನಿನಲ್ಲಿ ಬಹಳ ದೊಡ್ಡದು ಮಾಡಲು ಹೋದರೆ ಚಿತ್ರ ಮಸುಕಾಗುತ್ತದೆ. ಹಕ್ಕಿ ಚಿಕ್ಕದಿರಲಿ, ನೀರಿನಲ್ಲಿಯ ಅದರ ನೆರಳೂ ಬರಲಿ, ಅದೇ ಅಂದ.

ಕತ್ತು ಮೆಲ್ಲಗೆ ಮುಂದಕ್ಕೆ ಬಾಗಿ ಹಕ್ಕಿ ಅಲ್ಲಾಡದೆ ನಿಂತಿತೆಂದರೆ ಮೀನಿಗೆ ಗುರಿಯಿಟ್ಟಿದೆ. ಒತ್ತಲು ಸಿದ್ಧರಾಗಿರಿ!

ಬೇಟೆ ಬಿಟ್ಟು ತಲೆ ಎತ್ತಿ ನಿಮ್ಮತ್ತ ನೋಡಿದರೆ, ನೀವು ಬಹಳ ಹತ್ತಿರ ಬಂದಿರೆಂದೇ ಅರ್ಥ. ಹಿಂದೆ ಸರಿಯಿರಿ.

ಮಳೆಗಾಲದಲ್ಲಿ ಗೂಡಿರುವ ಗಿಡದ ಬುಡಕ್ಕೆ ಹೋಗಲೇಬೇಡಿ. ಇಂದು ಅನೇಕ ಫೋಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ತೆಗೆದುಕೊಳ್ಳುವುದೇ ಇಲ್ಲ.

ಇನ್ನು ಎರೆಮಣ್ಣಿನ ದಂಡೆ ಜಾರುತ್ತದೆ. ಒಬ್ಬರೇ ಹೋಗದೆ ಮಗಳನ್ನೋ ನೆರೆಮನೆಯವರನ್ನೋ ಕರೆದುಕೊಂಡು ಹೋಗಿ.

ಹೌಸು ಹೆಚ್ಚಾಯಿತೆ? ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮ ನಮಗೇನು ಬಹಳ ದೂರವಲ್ಲ. ಚಳಿಗಾಲದಲ್ಲಾದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿಬನ್ನಿ. ಹಿಮಾಲಯ ದಾಟಿ ಬಂದ ಪಟ್ಟೆ ತಲೆಯ ಹೆಬ್ಬಾತುಗಳು ಕಾಣಸಿಗುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಯನ್ನೂ ಸೇರಿತು.

ಕಪಟಿಗಳನ್ನು ಕಂಡರೆ 'ಬಕಧ್ಯಾನ' ಎಂದು ಮೂದಲಿಸುತ್ತೇವೆ. ಪಾಪ, ಬಕಕ್ಕೆ ಕಪಟವೆಲ್ಲಿಯದು? ಅದು ತನ್ನ ಮರಿಗಳ ಹೊಟ್ಟೆಗಾಗಿ ತಾಸುಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ, ನಾವು ಒಲೆಯ ಮುಂದೆ ನಿಂತಂತೆ. ಮೊನ್ನೆ ನಾನೂ ಮುಕ್ಕಾಲು ತಾಸು ಹಾಗೆ ಕೂತೆ. ದೂರದಿಂದ ಒಂದೇ ಒಂದು ಫೋಟೋ ಸಿಕ್ಕಿತು. ಹಕ್ಕಿ ತನ್ನ ಪಾಡಿಗೆ ಮೀನು ಹಿಡಿಯುತ್ತಲೇ ಇತ್ತು. ಅದನ್ನು ಮಾತ್ರ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ.

ನೀವೂ ಹೋಗಿಬನ್ನಿ. ಬಂದು ರೊಟ್ಟಿ ಬಡಿದರಾಯಿತು!