ಪಟ್ಟಿಗೆ ಸಿಗದ ಹಿಡಿತ

ಕಬಡ್ಡಿಯ ಸರ್ವಕಾಲಿಕ ಶ್ರೇಷ್ಠ ಡಿಫೆಂಡರ್ ಯಾರು? ಈ ಜಗಳದಲ್ಲಿ ಭಾರತೀನಗರ ಸೀಮೆಯ ಹುಡುಗರು ಎರಡು ಪಕ್ಷ. ಒಂದು ಪಕ್ಷದ್ದು ಇರಾನಿನ ಫಜಲ್ ಅತ್ರಾಚಲಿ: ‘ಐನೂರು ಪಾಯಿಂಟ್ ತಗಂಡವ್ನೆ, ಇನ್ನೇನ್ ಬೇಕು?’ ಇನ್ನೊಂದು ಪಕ್ಷದ್ದು ಮಂಜೀತ್ ಛಿಲ್ಲರ್: ‘ಎಲ್ಲಿಂದ್ಲೋ ಬಂದವ್ನ ಮ್ಯಾಲ್ ಕೂರಿಸ್ತೀರಲ್ಲ, ನಮ್ಮೋರ್ ಯಾರೂ ಇರ್ನಿಲ್ವಾ?’ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ತೂಕದ ಸರದಿಗೆ ನಿಂತ ರಾತ್ರಿ ಹೊತ್ತು ಕಳೆಯಲು ಇದಕ್ಕಿಂತ ಒಳ್ಳೆಯ ವಿಷಯ ಸಿಗದು. ಕೊನೆಗೆ ಯಾರೋ ಒಬ್ಬ ಮೊಬೈಲ್ ತೆಗೆದು ಟ್ಯಾಕಲ್ ಪಾಯಿಂಟ್‌ಗಳ ಪಟ್ಟಿ ತೋರಿಸುತ್ತಾನೆ, ಎಲ್ಲರೂ ಬಾಯಿ ಮುಚ್ಚುತ್ತಾರೆ. ಹಾಗೆ ಬಾಯಿ ಮುಚ್ಚಬಾರದು ಎನ್ನುವುದೇ ನನ್ನ ವಾದ. ಆ ಪಟ್ಟಿ ಎಣಿಸುವುದು ಹಿಡಿತಗಳನ್ನು. ಡಿಫೆಂಡರ್‌ನ ಯೋಗ್ಯತೆಯನ್ನು ಅಳೆಯುವ ಶಕ್ತಿ ಅದಕ್ಕಿಲ್ಲ.

ಪ್ರೊ ಕಬಡ್ಡಿಯಲ್ಲಿ 300 ಟ್ಯಾಕಲ್ ಪಾಯಿಂಟ್ ದಾಟಿದ ಮೊದಲಿಗ ಮಂಜೀತ್. 400 ಮತ್ತು 500 ದಾಟಿದ ಮೊದಲಿಗ ಫಜಲ್. ಇದರಲ್ಲಿ ತಕರಾರಿಲ್ಲ. ಆದರೆ ಒಂದು ಪಾಯಿಂಟ್ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಅಂಕಣದ ಪಕ್ಕ ಕೂತು ನೋಡಿ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುತ್ತಾನೆ. ಮೂಲೆಯಲ್ಲಿ ಬಗ್ಗಿ ನಿಂತಿದ್ದ ಕಾರ್ನರ್ ಆಟಗಾರ ಅವನ ಪಾದದ ಗಂಟಿಗೆ ಎರಗುತ್ತಾನೆ. ಗಂಟು ಸಿಕ್ಕ ಮಾತ್ರಕ್ಕೆ ರೈಡರ್ ಔಟಲ್ಲ. ಒಂದೇ ಕಾಲಲ್ಲಿ ಕುಂಟುತ್ತಾ, ಹಿಡಿದವನನ್ನೂ ಎಳೆದುಕೊಂಡು ಅವನು ನಡುಗೆರೆ ಕಡೆಗೆ ಬೀಳುತ್ತಾನೆ. ಆಗ ಕವರ್‌ನವನು ಎದೆ ಕೊಟ್ಟು ಅಡ್ಡ ನಿಲ್ಲಬೇಕು, ಅವನ ಕೈ ಹಿಡಿದಿದ್ದ ಜೊತೆಗಾರ ಸೊಂಟಕ್ಕೆ ಬೀಳಬೇಕು, ಮತ್ತೊಬ್ಬ ನಡುಗೆರೆಯತ್ತ ಚಾಚಿದ ಕೈಯನ್ನು ಒತ್ತಿ ಹಿಡಿಯಬೇಕು. ನಾಲ್ಕು ಮೈಗಳ ಕೆಲಸ. ಅಂಕ ಬೀಳುವುದು ಒಬ್ಬನ ಹೆಸರಿಗೆ. ಎದೆ ಕೊಟ್ಟವನಿಗೆ ಮೂಗೇಟು ಮಾತ್ರ.

ಸೂಪರ್ ಟ್ಯಾಕಲ್ ಲೆಕ್ಕ ಇನ್ನೂ ವಿಚಿತ್ರ. ಅಂಕಣದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಜನ ಉಳಿದಾಗ ಹಿಡಿದರೆ ಒಂದರ ಬದಲು ಎರಡು ಪಾಯಿಂಟ್. ಸಾಹಸಕ್ಕೆ ಬಹುಮಾನ ಇರಲಿ ಬಿಡಿ. ಆದರೆ ಯಾವ ತಂಡದಲ್ಲಿ ಪದೇಪದೇ ಮೂವರೇ ಉಳಿಯುತ್ತಾರೆ? ಸೋಲುತ್ತಿರುವ ತಂಡದಲ್ಲಿ. ಏಳೂ ಜನರನ್ನು ಅಂಕಣದಲ್ಲೇ ಉಳಿಸಿಕೊಳ್ಳುವಷ್ಟು ಗಟ್ಟಿ ಡಿಫೆನ್ಸ್ ಇರುವ ತಂಡದವನಿಗೆ ಆ ಎರಡು ಪಾಯಿಂಟಿನ ಅವಕಾಶವೇ ವಿರಳ. ಇದರ ಮೇಲೆ ಪಂದ್ಯಗಳ ಸಂಖ್ಯೆ ಬೇರೆ. ಮೊದಲ ಸೀಸನ್‌ಗಳಲ್ಲಿ 8 ತಂಡ, ಲೀಗ್‌ನಲ್ಲಿ ಒಂದೊಂದಕ್ಕೆ 14 ಪಂದ್ಯ. 2017ರಲ್ಲಿ 12 ತಂಡಗಳಾದವು, ಪಂದ್ಯಗಳೂ ಹೆಚ್ಚಿದವು. 2014 ಮತ್ತು 2015ರಲ್ಲಿ ನಮ್ಮ ಬೆಂಗಳೂರು ಬುಲ್ಸ್ ಪರ ಮೈಮುರಿದು ಆಡಿದ ಮಂಜೀತ್‌ನ ಒಟ್ಟು ಮೊತ್ತವನ್ನು ಆಮೇಲಿನವರ ಮೊತ್ತದ ಪಕ್ಕ ಹಾಗೇ ಇಟ್ಟು ಅಳೆಯುವುದು ಯಾವ ನ್ಯಾಯ? ಮಂಜೀತ್ ಪಕ್ಷದವರು ಇರಾನ್ ಇರಾನ್ ಎಂದು ಕೂಗುವ ಬದಲು ಈ ಮಾತು ಎತ್ತಬಹುದಿತ್ತು.

ಇಷ್ಟಾದರೂ ಇವೆಲ್ಲ ಚಿಲ್ಲರೆ ದೋಷಗಳು. ದೊಡ್ಡ ದೋಷ ಬೇರೆ. ರೈಡರ್‌ಗೆ ಇರುವುದು 30 ಸೆಕೆಂಡ್. ಒಂದು ಮೂಲೆಯಲ್ಲಿ ಗಟ್ಟಿಗನೊಬ್ಬ ನಿಂತಿದ್ದಾನೆ ಎಂಬ ಒಂದೇ ಕಾರಣಕ್ಕೆ ಆತ ಅತ್ತ ಸುಳಿಯುವುದಿಲ್ಲ. ಬಾಕ್ ಲೈನ್ ದಾಟಿ, ಎರಡು ಸಲ ಕೈ ಬೀಸಿ, ಖಾಲಿ ಕೈಯಲ್ಲಿ ವಾಪಸ್. ಮುಂದಿನ ಸಲವೂ ಹಾಗೇ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ: ಪಾಯಿಂಟ್ ತರಬೇಕು, ಇಲ್ಲವೇ ಔಟ್. ಹತಾಶನಾಗಿ ಅವನು ಎದುರು ಮೂಲೆಗೆ ನುಗ್ಗುತ್ತಾನೆ, ಅಲ್ಲಿಯ ಹುಡುಗ ಹಿಡಿಯುತ್ತಾನೆ, ಟಿ.ವಿ.ಯಲ್ಲಿ ಆ ಹುಡುಗನ ಮುಖ. ಒಂದು ಮೂಲೆಯನ್ನೇ ಮುಚ್ಚಿಟ್ಟು ಈ ಗತಿ ತಂದವನ ಲೆಕ್ಕಕ್ಕೆ ಸೊನ್ನೆ. ಹೊಲದ ಬದುವಿನಲ್ಲಿ ನಾಯಿ ಮಲಗಿದ್ದರೆ ಹಂದಿ ಬರುವುದಿಲ್ಲ. ನಾಯಿ ಎಷ್ಟು ಹಂದಿ ಹಿಡಿಯಿತು ಎಂದು ಯಾವ ರೈತನೂ ಕೇಳುವುದಿಲ್ಲ.

ಅಮೆರಿಕದವರ ಫುಟ್‌ಬಾಲ್‌ನಲ್ಲೂ ಇದೇ ರಗಳೆ. ಅದು ಕೈಯಲ್ಲಿ ಚೆಂಡು ಹಿಡಿದು ಮೈಗೆ ಮೈ ಗುದ್ದಿಕೊಂಡು ಆಡುವ ಆಟ. ಅಲ್ಲೂ ಡಿಫೆನ್ಸ್‌ನವರ ಸರ್ವಕಾಲಿಕ ಪಟ್ಟಿ ಮಾಡಿ ಕಿತ್ತಾಡುತ್ತಾರೆ. ಡಿಯಾನ್ ಸ್ಯಾಂಡರ್ಸ್ ಕಾಯುತ್ತಿದ್ದ ಬದಿಗೆ ಚೆಂಡು ಎಸೆಯಲು ಎದುರಾಳಿಗಳು ಹಿಂಜರಿಯುತ್ತಿದ್ದರು, ಎಸೆಯದ ಚೆಂಡನ್ನು ಅವನು ಕಸಿಯುವುದಾದರೂ ಹೇಗೆ? ಚೆಂಡು ಎಸೆಯುವವನನ್ನು ಎಸೆಯುವ ಮೊದಲೇ ಕೆಡವುವುದಕ್ಕೆ ಅಲ್ಲಿ ಸ್ಯಾಕ್ ಎನ್ನುತ್ತಾರೆ. ಆ ಹೆಸರು ಚಾಲ್ತಿಗೆ ಬಂದದ್ದೇ ಡೀಕನ್ ಜೋನ್ಸ್ ಎಂಬ ಆಟಗಾರನಿಂದ ಎನ್ನುತ್ತಾರೆ. ಆದರೆ ಅಧಿಕೃತ ಎಣಿಕೆ ಶುರುವಾದದ್ದು 1982ರಲ್ಲಿ, ಜೋನ್ಸ್ ಆಟ ಬಿಟ್ಟ ಎಷ್ಟೋ ವರ್ಷಗಳ ಮೇಲೆ. ಹೀಗಾಗಿ ಅಧಿಕೃತ ಪಟ್ಟಿಯಲ್ಲಿ ಅವನೇ ಇಲ್ಲ. ಬಹಳ ಮಂದಿ ಮೊದಲ ಸ್ಥಾನ ಕೊಡುವ ಲಾರೆನ್ಸ್ ಟೇಲರ್‌ನ ಮೊದಲ ವರ್ಷ 1981. ಆ ವರ್ಷದ ಸ್ಯಾಕ್‌ಗಳೂ ಅವನ ಅಧಿಕೃತ 132.5ರಲ್ಲಿ ಸೇರಿಲ್ಲ. 2021ರಲ್ಲಿ ಸಂಶೋಧಕರು ಹಳೆಯ ಪಂದ್ಯಗಳ ದಾಖಲೆ ಜಾಲಾಡಿ 1960ರವರೆಗಿನ ಲೆಕ್ಕವನ್ನು ಹೊರಗೆ ತಂದರು. ಕೆದಕಲು ಅವರಲ್ಲಿ ದಾಖಲೆಯಾದರೂ ಇತ್ತು.

ನಮ್ಮಲ್ಲಿ? ಪ್ರೊ ಕಬಡ್ಡಿ ಶುರುವಾದದ್ದು 2014ರ ಜುಲೈನಲ್ಲಿ. ಮೊಬೈಲ್ ಪಟ್ಟಿಯ ಪ್ರಕಾರ ಕಬಡ್ಡಿ ಹುಟ್ಟಿದ್ದೂ ಅಂದೇ. ಕರ್ನಾಟಕದ ಸಿ. ಹೊನ್ನಪ್ಪ ಅವರಿಗೆ 2000ದ ಅರ್ಜುನ ಪ್ರಶಸ್ತಿ, ಬಿ.ಸಿ. ರಮೇಶ್ ಅವರಿಗೆ 2001ರದ್ದು. ಇವರ ಖಾತೆಯಲ್ಲಿ ಪ್ರೊ ಕಬಡ್ಡಿಯ ಒಂದು ಪಾಯಿಂಟೂ ಇಲ್ಲ. ಈಗಿನ ಹುಡುಗರಿಗೆ ರಮೇಶ್ ಗೊತ್ತಿರುವುದು 2019ರಲ್ಲಿ ಬೆಂಗಾಲ್ ವಾರಿಯರ್ಸನ್ನೂ 2024ರಲ್ಲಿ ಪುಣೇರಿ ಪಲ್ಟನನ್ನೂ ಗೆಲ್ಲಿಸಿದ ಕೋಚ್ ಆಗಿ. ಹೆಣ್ಣುಮಕ್ಕಳ ಪಾಡು ಕೇಳಲೇಬೇಡಿ. ವಿ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಅರ್ಜುನ ಪಡೆದವರು. 2016ರಲ್ಲಿ ಮೂರೇ ತಂಡ ಕಟ್ಟಿ ಮಹಿಳಾ ಲೀಗ್ ಎಂದು ನಡೆಸಿದರು, ಆಮೇಲೆ ಅದು ಮುಂದುವರಿಯಲಿಲ್ಲ. ಪಟ್ಟಿ ಮಾಡಲು ಆಟವೇ ಇಲ್ಲದ ಮೇಲೆ ಸರ್ವಕಾಲಿಕ ಶ್ರೇಷ್ಠೆ ಎಲ್ಲಿಂದ ಬರುತ್ತಾಳೆ?

ಇನ್ನು ಇರಾನಿನವನು ಎಂಬ ಆಕ್ಷೇಪ. 1990ರಿಂದ 2014ರವರೆಗೆ ಏಷ್ಯನ್ ಗೇಮ್ಸ್‌ನ ಪುರುಷರ ಚಿನ್ನವೆಲ್ಲ ನಮ್ಮದೇ ಆಗಿತ್ತು. 2018ರ ಜಕಾರ್ತಾ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮನ್ನು 27–18ರಿಂದ ಕೆಡವಿತು. ನಮ್ಮ ಹೆಸರಾಂತ ರೈಡರ್‌ಗಳೆಲ್ಲ ಇದ್ದೂ ಇಡೀ ಪಂದ್ಯದಲ್ಲಿ ತಂಡಕ್ಕೆ ಗಿಟ್ಟಿದ್ದು 18. ಕಬಡ್ಡಿ ನಮ್ಮ ಮಣ್ಣಿನ ಆಟ ಎಂದು ಎದೆ ತಟ್ಟಿಕೊಳ್ಳುವವರು ಆ ಪಂದ್ಯವನ್ನು ಇನ್ನೊಮ್ಮೆ ಹಾಕಿ ನೋಡಲಿ. ಹಿಡಿಯುವವನ ಪಾಸ್‌ಪೋರ್ಟ್ ಕೇಳಿ ಯಾವ ರೈಡರೂ ಔಟಾಗುವುದಿಲ್ಲ.

ನನ್ನ ಮತ ಫಜಲ್‌ಗೇ. 500ಕ್ಕಾಗಿ ಅಲ್ಲ. ಎಡ ಕಾರ್ನರ್‌ನಲ್ಲಿ ಅವನು ಮಂಡಿ ಬಗ್ಗಿಸಿ ನಿಂತಾಗ ಎಂಥ ರೈಡರನ ಕಾಲೂ ಆ ಕಡೆ ಒಂದು ಗೇಣು ಕಡಿಮೆ ಚಾಚುತ್ತದೆ, ಅದಕ್ಕೆ. ಎರಡನೆಯವನು ಮಂಜೀತ್, ಹಿಡಿಯಲೂ ಬಲ್ಲವನಾಗಿದ್ದ, ಬೇಕಾದಾಗ ರೈಡಿಗೂ ಹೋಗುತ್ತಿದ್ದ. ಮೂರನೆಯ ಜಾಗವನ್ನು ಖಾಲಿ ಬಿಡುತ್ತೇನೆ, 2014ಕ್ಕೆ ಮೊದಲಿನವರ ಆಟ ಕಂಡವರು ತುಂಬಲಿ.

ಬೆಲೆಯ ಮಾತು ಬಂದರೆ ಹರಾಜು ಕೂಗುವವರು ನಮಗಿಂತ ಬುದ್ಧಿವಂತರು. 2018ರಲ್ಲಿ ಲೀಗ್‌ನ ಮೊದಲ ಕೋಟಿ ಬಿದ್ದದ್ದು ಫಜಲ್ ಮೇಲೆ, ಅಂದರೆ ಹಿಡಿಯುವವನ ಮೇಲೆ. 2023ರ ಹರಾಜಿನಲ್ಲಿ ರೈಡರ್ ಪವನ್ ಸೆಹ್ರಾವತ್‌ಗೆ 2.605 ಕೋಟಿ ಸಿಕ್ಕರೆ, ಇರಾನಿನ ಇನ್ನೊಬ್ಬ, ಮೊಹಮ್ಮದ್ ರೆಜಾ ಶಾದ್ಲೂಯಿಗೆ 2.35 ಕೋಟಿ. ಹಿಂದೆ ಬಿದ್ದಿರುವುದು ನಮ್ಮೂರುಗಳ ಹೊನಲು ಬೆಳಕಿನ ಪಂದ್ಯಾವಳಿಗಳು. ಫ್ಲೆಕ್ಸ್ ಮೇಲೆ ಶಾಸಕರ ಚಿತ್ರ, ಮಾಜಿ ಶಾಸಕರ ಚಿತ್ರ, ಮಧ್ಯೆ ಕಾಲೆತ್ತಿ ಹಾರುವ ರೈಡರ್. ಬೆಸ್ಟ್ ರೈಡರ್‌ಗೆ ದುಡ್ಡೂ ದೊಡ್ಡ ಟ್ರೋಫಿಯೂ. ಬೆಸ್ಟ್ ಕ್ಯಾಚರ್‌ಗೆ ಕಪ್ ಕೊಡುವುದು ದಾನಿಗಳಿಗೆಲ್ಲ ಶಾಲು ಹೊದಿಸಿ ಮುಗಿದ ಮೇಲೆ, ಅರ್ಧ ಜನ ಬೈಕ್ ಹತ್ತಿದ ಮೇಲೆ. ಮೇಜಿನ ಬಳಿ ಅಂಕ ಬರೆಯುವ ಹುಡುಗ ತಂಡದ ಪಾಯಿಂಟ್ ಹೊಡೆಯುತ್ತಾನೆಯೇ ಹೊರತು ಯಾರು ಮೊದಲು ಎರಗಿದ, ಯಾರು ಅಡ್ಡ ನಿಂತ ಎಂದು ಬರೆಯುವುದಿಲ್ಲ. ಬೆಳಗಾದರೆ ಆ ಹಾಳೆಯೂ ಇರುವುದಿಲ್ಲ.

ಭಾರತೀನಗರದಿಂದ ಮಳವಳ್ಳಿವರೆಗೆ ಪಂದ್ಯಾವಳಿ ನಡೆಸುವ ಗೆಳೆಯರ ಬಳಗಗಳು ಈ ವರ್ಷದಿಂದಲೇ ಎರಡು ಕೆಲಸ ಮಾಡಲಿ. ರೈಡರ್‌ಗೂ ಕ್ಯಾಚರ್‌ಗೂ ಸಮ ಬಹುಮಾನ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಲಿ. ಅಂಕದ ಹಾಳೆಯಲ್ಲಿ ಇನ್ನೆರಡು ಮನೆ ಗೆರೆ ಎಳೆಯಲಿ: ಒಂದರಲ್ಲಿ ಜೊತೆಗೆ ಹಿಡಿದವರ ಅಂಗಿ ನಂಬರ್, ಇನ್ನೊಂದರಲ್ಲಿ ಖಾಲಿ ಹೋದ ರೈಡ್‌ಗಳು. ಖರ್ಚು ಒಂದು ಪೆನ್ನು, ಒಂದು ಸ್ಕೇಲು. ಶಾಲಿನ ಲೆಕ್ಕದಲ್ಲಿ ಒಂದೆರಡು ಕಡಿಮೆ ಮಾಡಿದರೆ ಬಹುಮಾನದ ದುಡ್ಡೂ ಹೊಂದುತ್ತದೆ.